ಬೋಗುಣಿಯ ತಳದ ಕೆಸರು

ನನ್ನ ರೀಡಿಂಗುಗಳೆಲ್ಲ ತಪ್ಪು ಎಂಬ ಸುದ್ದಿ ನನಗೆ ಆಫೀಸಿನಲ್ಲಿ ಸಿಗಲಿಲ್ಲ. ಯುಗಾದಿ ಊಟದ ಸಾಲಿನಲ್ಲಿ ಸಿಕ್ಕಿತು. ಕ್ಯಾಲಿಫೋರ್ನಿಯಾದ ಸನಿವೇಲ್‌ನ ಒಂದು ಶಾಲೆಯ ಕೆಫೆಟೇರಿಯಾ ಬಾಡಿಗೆಗೆ ಹಿಡಿದು ನಮ್ಮವರು ಹಬ್ಬ ಮಾಡುತ್ತಿದ್ದ ಎಂಬತ್ತರ ದಶಕದ ದಿನಗಳು. ತಟ್ಟೆ ಪೇಪರಿನದ್ದು, ಕೂರುವುದು ಶಾಲೆ ಮಕ್ಕಳ ಬೆಂಚಿನ ಮೇಲೆ, ಆದರೆ ಬಡಿಸುವುದು ಮಾತ್ರ ಊರಿನ ಕ್ರಮದಲ್ಲಿ: ಹಿರಿಯರು ಸೌಟು ಹಿಡಿದು ಸಾಲಿನುದ್ದಕ್ಕೂ ಬರುತ್ತಿದ್ದರು. ನನಗೆ ಕೋಸಂಬರಿ ಬಡಿಸಲು ಬಂದ ಡಾಕ್ಟರಿಗೂ ನಮ್ಮ ಕೆಲಸಕ್ಕೂ ಯಾವ ಸಂಬಂಧವೂ ಇರಲಿಲ್ಲ. ಆದರೂ ನಗುತ್ತಾ ಕೇಳಿದರು.

“ಏನಮ್ಮಾ, ಅಲಾಸ್ಕಾದಲ್ಲಿ ನೀನು ಸರಳೇ ಸರಿಯಾಗಿ ಊರಿರ್ಲಿಲ್ವಂತೆ? ಅದಕ್ಕೇ ರನ್‌ವೇ ಕುಸೀತಂತಲ್ಲ.”

ಯಾರು ಹೇಳಿದ್ದು ಎಂದು ನಾನು ಕೇಳಬೇಕಾಗಿರಲಿಲ್ಲ. ಎದುರು ಸಾಲಿನಲ್ಲಿ ನಮ್ಮ ಕಂಪನಿಯ ಸೀನಿಯರ್ ಕೂತಿದ್ದರು. ಮೈಸೂರಿನವರು, ಪಾಲೋ ಆಲ್ಟೋದಲ್ಲಿ ಸ್ವಂತ ಮನೆ, ನೆಲದಡಿಯ ನೀರು ಹುಡುಕುವುದರಲ್ಲಿ ದೊಡ್ಡ ಹೆಸರು. ನನ್ನನ್ನು ಕೆಲಸಕ್ಕೆ ಸೇರಿಸಿಕೊಂಡವರು ಅವರೇ, ನನ್ನ ಗ್ರೀನ್ ಕಾರ್ಡಿನ ಅರ್ಜಿಗೆ ಸಹಿ ಹಾಕಿದವರೂ ಅವರೇ. ನಾನು ನೋಡುತ್ತಿದ್ದೇನೆ ಎಂದು ಗೊತ್ತಾದ ಕೂಡಲೇ ತಟ್ಟೆಯ ಹೋಳಿಗೆಯನ್ನು ಬಹಳ ಆಸಕ್ತಿಯಿಂದ ಮುರಿಯತೊಡಗಿದರು. ಆ ಕ್ಷಣವೇ ನಾನು ತೀರ್ಮಾನಿಸಿಕೊಂಡೆ. ಈ ಮನುಷ್ಯ ಈ ಮಾತನ್ನು ತಾನೇ ಹಿಂದಕ್ಕೆ ತೆಗೆದುಕೊಳ್ಳಬೇಕು, ಅದೂ ಇದೇ ಊಟದ ಸಾಲಿನಲ್ಲಿ.

ಆಗಿದ್ದೇನೆಂದರೆ, ಅದಕ್ಕೆ ಎರಡು ಬೇಸಿಗೆ ಹಿಂದೆ ಉತ್ತರ ಅಲಾಸ್ಕಾದ ಒಂದು ಸಣ್ಣ ಊರಿನ ವಿಮಾನ ನಿಲ್ದಾಣದ ಕೆಲಸ ನಮಗೆ ಬಂದಿತ್ತು. ಆ ಊರಿಗೆ ರಸ್ತೆಯಿಲ್ಲ. ಔಷಧ, ಅಕ್ಕಿ, ಟಪಾಲು, ಹೆರಿಗೆಗೆ ಹೋಗುವ ಹೆಂಗಸು, ಎಲ್ಲವೂ ವಿಮಾನದಲ್ಲೇ. ಜಲ್ಲಿ ಹಾಸಿದ ರನ್‌ವೇಗೆ ಡಾಂಬರು ಹಾಕಿ ದೊಡ್ಡ ವಿಮಾನ ಇಳಿಸಬೇಕೆಂಬುದು ಯೋಜನೆ. ಅಲ್ಲಿನ ನೆಲ ವರ್ಷವಿಡೀ ಹೆಪ್ಪುಗಟ್ಟಿರುತ್ತದೆ, ಅದನ್ನೇ ಪರ್ಮಾಫ್ರಾಸ್ಟ್ ಎನ್ನುತ್ತಾರೆ. ಬೇಸಿಗೆಯಲ್ಲಿ ಮೇಲಿನ ಒಂದು ಪದರ ಮಾತ್ರ ಕರಗುತ್ತದೆ. ಕಪ್ಪು ಡಾಂಬರು ಬಿಸಿಲು ಕುಡಿದು ಆ ಕರಗುವಿಕೆಯನ್ನು ಇನ್ನೂ ಕೆಳಕ್ಕೆ ಒಯ್ಯುತ್ತದೆ. ಕೆಳಗೆ ಹೆಪ್ಪುಗಟ್ಟಿದ ಜಲ್ಲಿ ಇದ್ದರೆ ಚಿಂತೆಯಿಲ್ಲ, ಕರಗಿದರೂ ಜಲ್ಲಿ ಜಲ್ಲಿಯಾಗೇ ಇರುತ್ತದೆ. ಅಪ್ಪಟ ಮಂಜುಗಡ್ಡೆಯ ಗಟ್ಟಿ ಇದ್ದರೆ ಅದು ನೀರಾಗಿ ಹರಿದುಹೋಗಿ ರನ್‌ವೇ ಹೊಂಡಬಿದ್ದು ಕುಸಿಯುತ್ತದೆ. ಅಡಿಯಲ್ಲಿ ಇರುವುದು ಯಾವುದು ಎಂದು ಅಗೆಯದೆ ಹೇಳುವುದೇ ನನ್ನ ಕೆಲಸವಾಗಿತ್ತು.

ವಿಧಾನ ಸರಳ. ನೆಲಕ್ಕೆ ನಾಲ್ಕು ಉಕ್ಕಿನ ಸರಳು ಊರಬೇಕು. ಹೊರಗಿನ ಎರಡರಿಂದ ಕರೆಂಟು ಬಿಟ್ಟು, ಒಳಗಿನ ಎರಡರ ನಡುವೆ ವೋಲ್ಟೇಜು ಅಳೆಯಬೇಕು. ಸರಳುಗಳನ್ನು ದೂರ ದೂರ ಇಟ್ಟಷ್ಟೂ ಕರೆಂಟು ಆಳಕ್ಕಿಳಿಯುತ್ತದೆ. ಅಡಿಯಲ್ಲಿರುವುದು ಕರೆಂಟನ್ನು ತಡೆದಷ್ಟೂ ಮೀಟರು ಮೇಲೇರುತ್ತದೆ: ಒದ್ದೆ ಕೆಸರಿಗೆ ಕಡಿಮೆ, ಜಲ್ಲಿಗೆ ಹೆಚ್ಚು, ಮಂಜುಗಡ್ಡೆಗೆ ಎಲ್ಲಕ್ಕಿಂತ ಹೆಚ್ಚು. ಆ ನೆಲದಲ್ಲಿ ಸರಳಿಗೂ ಮಣ್ಣಿಗೂ ಸರಿಯಾಗಿ ಹೊಂದಿಕೆಯಾಗುವುದಿಲ್ಲ, ಹಾಗಾಗಿ ಪ್ರತಿ ಸರಳಿನ ಬುಡಕ್ಕೂ ನಾನು ಉಪ್ಪುನೀರು ಹೊಯ್ದು, ಕಾದು, ಮತ್ತೊಮ್ಮೆ ಹೊಡೆದು, ಕರೆಂಟಿನ ದಿಕ್ಕು ತಿರುಗಿಸಿ ಎರಡೆರಡು ಸಲ ಅಳೆದಿದ್ದೆ. ಸೊಳ್ಳೆಗಳು ಕಣ್ಣಿನ ರೆಪ್ಪೆಯ ಮೇಲೆ ಕೂರುತ್ತಿದ್ದವು. ರನ್‌ವೇಯ ನಡುಭಾಗಕ್ಕೆ ಬಂದಾಗ ಮೀಟರು ಜಲ್ಲಿಗೆ ಏರಬೇಕಾದ್ದಕ್ಕಿಂತ ಬಹಳ ಮೇಲೇರಿತು. ರನ್‌ವೇ ಕಟ್ಟುವ ಮೊದಲು ವಿಮಾನದಿಂದ ತೆಗೆದ ಫೋಟೋದಲ್ಲಿ ಅದೇ ಜಾಗದ ನೆಲ ಬಿರುಕು ಬಿಟ್ಟು ದೊಡ್ಡ ದೊಡ್ಡ ಚೌಕಗಳಾಗಿ ಕಾಣುತ್ತಿತ್ತು. ಆ ಬಿರುಕುಗಳಲ್ಲಿ ಸಾವಿರಾರು ವರ್ಷ ನೀರಿಳಿದು ಹೆಪ್ಪುಗಟ್ಟಿ ಗೋಡೆಯಾಗಿರುತ್ತದೆ. ಎರಡನ್ನೂ ಸೇರಿಸಿ ನಾನು ಕರಡು ವರದಿಯಲ್ಲಿ ‘ಮಂಜುಗಡ್ಡೆ’ ಎಂದು ಬರೆದೆ.

ಸೀನಿಯರ್ ಅದನ್ನು ಹೊಡೆದುಹಾಕಿ ‘ಜಲ್ಲಿ’ ಎಂದು ಬರೆದರು. ಅದಕ್ಕೆ ಕಾರಣವೂ ಇತ್ತು. ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯ ಸುತ್ತಲಿನ ನಮ್ಮ ಬೇ ಏರಿಯಾದಲ್ಲಿ ಅವರು ಜೀವಮಾನವಿಡೀ ಅಳೆದ ನೆಲದಲ್ಲಿ ಮೀಟರು ಮೇಲೇರಿದರೆ ಜಲ್ಲಿ, ಅಂದರೆ ಒಳ್ಳೆಯ ಬಾವಿ. ಕೆಳಗಿಳಿದರೆ ಕೊಲ್ಲಿಯ ಉಪ್ಪು ಕೆಸರು. ಅವರ ಪ್ರಪಂಚದಲ್ಲಿ ಇದ್ದುದು ಈ ಎರಡೇ. ನಾನು ಫೋಟೋ ಹಿಡಿದು ಅವರ ರೂಮಿಗೆ ಹೋದಾಗ ಇನ್ನಿಬ್ಬರು ಎಂಜಿನಿಯರುಗಳು ಅಲ್ಲಿದ್ದರು.

“ಅಡುಗೆಮನೆ ಫ್ರಿಜ್ಜಲ್ಲಿ ಐಸು ನೋಡೀ ನೋಡೀ ನಿಂಗೆ ಎಲ್ಲಾ ಕಡೆ ಐಸೇ ಕಾಣತ್ತಮ್ಮ,” ಎಂದರು ಕನ್ನಡದಲ್ಲಿ. ಆಮೇಲೆ ಆ ಇಬ್ಬರಿಗೂ ಅರ್ಥವಾಗಲೆಂದು ಇಂಗ್ಲಿಷಿನಲ್ಲಿ ಇನ್ನೊಮ್ಮೆ ಹೇಳಿ ನಗಿಸಿದರು.

ಜಲ್ಲಿ ಎಂಬ ವರದಿ ಹೋಯಿತು. ಮರುವರ್ಷದ ಬೇಸಿಗೆಯ ಮೊದಲಿಗೆ ಡಾಂಬರು ಬಿತ್ತು. ಅದೇ ಬೇಸಿಗೆ ಮುಗಿಯುವಷ್ಟರಲ್ಲಿ ನಡುಭಾಗ ತಗ್ಗಿತು, ವಿಮಾನಗಳು ಇಳಿಯುವಾಗ ಎಗರತೊಡಗಿದವು, ದೊಡ್ಡ ವಿಮಾನ ಬರುವುದು ನಿಂತಿತು. ನಿಲ್ದಾಣದವರು ಫೋನ್ ಮಾಡಿ ಕೇಳಿದಾಗ ಸೀನಿಯರ್ ಹೇಳಿದರಂತೆ: ಅಡಿಯಲ್ಲಿರುವುದು ಮೆತ್ತನೆಯ ಕೆಸರು, ನಾನು ಸರಳು ಸರಿಯಾಗಿ ಊರದಿದ್ದರಿಂದ ರೀಡಿಂಗು ಸುಳ್ಳಾಗಿ ಮೇಲೇರಿತ್ತು, ಆ ಸುಳ್ಳು ರೀಡಿಂಗು ನೋಡಿಯೇ ತಾವು ಜಲ್ಲಿ ಎಂದದ್ದು. ಮಂಜುಗಡ್ಡೆ ಎಂದು ಮಾತ್ರ ಬಾಯಿ ಬಿಡಲಿಲ್ಲ. ಬಿಟ್ಟರೆ ನಾನು ಮೊದಲೇ ಹೇಳಿದ್ದೆ ಎಂಬುದೂ ಹೊರಗೆ ಬರುತ್ತಿತ್ತು. ಈ ಕಥೆ ಆಫೀಸು ದಾಟಿ ಯುಗಾದಿ ಊಟದವರೆಗೂ ಬಂದಿತ್ತು. ಫೀಲ್ಡಿನಲ್ಲಿ ಕೆಲಸ ಮಾಡುವವರಿಗೆ ಇರುವ ಆಸ್ತಿ ಒಂದೇ, ಅವರ ರೀಡಿಂಗನ್ನು ನಂಬಬಹುದು ಎಂಬ ಹೆಸರು. ಅದು ಹೋದರೆ ನಾನು ಉಳಿದ ಕಾಲವೆಲ್ಲ ಪಾರ್ಕಿಂಗ್ ಲಾಟ್ ಅಳೆಯುತ್ತಾ ಇರಬೇಕಿತ್ತು. ಆಗಲೇ ಅದನ್ನೇ ಅಳೆಯುತ್ತಿದ್ದೆ ಕೂಡ.

ಹಬ್ಬದಿಂದ ಮನೆಗೆ ಬಂದು ಗಂಡನಿಗೆ ಹೇಳಿದೆ. ಅವರು ಸೌತ್ ಸ್ಯಾನ್ ಫ್ರಾನ್ಸಿಸ್ಕೋದ ಒಂದು ಲ್ಯಾಬಿನಲ್ಲಿ ಕೆಲಸ ಮಾಡುತ್ತಿದ್ದರು. ಇಬ್ಬರೂ ಉಡುಪಿ ಕಡೆಯವರು.

“ಕೆಲಸ ಬಿಡುವ ಹಾಗಿಲ್ಲ, ಗ್ರೀನ್ ಕಾರ್ಡ್ ಅವರ ಕೈಯಲ್ಲಿ ಉಂಟು,” ಎಂದರು ಅವರು. “ಎಂತ ಮಾಡ್ತಿ ಮಾರಾಯ್ತಿ?”

“ಕೆಲಸ ಬಿಡುವುದಿಲ್ಲ. ಅವರನ್ನು ಅಲ್ಲಿಗೆ ಕರ್ಕೊಂಡು ಹೋಗ್ತೇನೆ,” ಎಂದೆ.

ಅವಕಾಶ ಬೇಗನೇ ಬಂತು. ನಿಲ್ದಾಣಕ್ಕೆ ಹೊಸದಾಗಿ ಬಂದಿದ್ದ ಎಂಜಿನಿಯರ್, ಅಲ್ಲೇ ಉತ್ತರದಲ್ಲಿ ಹುಟ್ಟಿ ಬೆಳೆದವರು, ಪುನಃ ಸರ್ವೇ ಆಗಬೇಕೆಂದು ಪಾಲೋ ಆಲ್ಟೋಗೆ ಬಂದರು. ಮೀಟಿಂಗಿನಲ್ಲಿ ಸೀನಿಯರ್ ಬೇರೆ ಯಾರನ್ನೋ ಕಳಿಸುವ ಮಾತಾಡಿದರು. ನಾನು ಬಹಳ ವಿನಯದಿಂದ ಬಾಯಿ ಹಾಕಿದೆ. ನನ್ನ ಸರಳಿನ ಮೇಲೆ ಅನುಮಾನ ಇರುವುದರಿಂದ ಈ ಸಲ ನಮ್ಮ ಸೀನಿಯರೇ ಬಂದು ತಮ್ಮ ಕೈಯಾರೆ ಊರುವುದು ಒಳ್ಳೆಯದು, ಅವರಷ್ಟು ಅನುಭವ ಇಲ್ಲಿ ಯಾರಿಗೂ ಇಲ್ಲ ಎಂದೆ. ನಿಲ್ದಾಣದ ಎಂಜಿನಿಯರಿಗೆ ಆ ಮಾತು ತುಂಬ ಹಿಡಿಸಿತು. ಹೊಗಳಿಕೆಯನ್ನು ಬೇಡ ಎನ್ನುವ ಅಭ್ಯಾಸ ಸೀನಿಯರಿಗೆ ಇರಲಿಲ್ಲ, ಒಪ್ಪಿಕೊಂಡರು.

ಜುಲೈಯಲ್ಲಿ ಹೋದೆವು. ಸೂರ್ಯ ಮುಳುಗುತ್ತಿರಲಿಲ್ಲ. ಸೀನಿಯರ್ ಹೊಸ ಬೂಟು ಹಾಕಿಕೊಂಡು, ರನ್‌ವೇಯ ಅಂಚಿನಲ್ಲೇ ಟೇಪು ಎಳೆಸಿ, ಸರಳುಗಳನ್ನು ತಾವೇ ಹೊಡೆದರು. ಉಪ್ಪುನೀರು ತಾವೇ ಹೊಯ್ದರು. ನಾನು ಮೀಟರು ಓದಿ ಹೇಳುವುದು, ಅವರು ಬಗ್ಗಿ ತಾವೂ ನೋಡಿ ಖಚಿತಪಡಿಸಿಕೊಳ್ಳುವುದು. ನಡುಭಾಗಕ್ಕೆ ಬಂದೆವು. ಮೀಟರು ಮೇಲೇರಲಿಲ್ಲ. ಕೊಲ್ಲಿಯ ಕೆಸರಿನ ಮೇಲೆ ನಿಂತಿದ್ದೇವೋ ಎಂಬಂತೆ ಕೆಳಗೇ ಕೂತಿತು.

“ನೋಡಿದ್ಯಾ,” ಎಂದರು. “ನಾನು ಅವತ್ತೇ ಹೇಳಿದ್ದೆ. ಇದು ಪೂರ್ತಿ ಮಡ್ಡು, ಬರೀ ಕೆಸರು. ಸರಳು ಹೊಡೆಯೋದೂ ಒಂದು ವಿದ್ಯೆ ಕಣಮ್ಮ.”

ಜಾಗವನ್ನು ಇನ್ನೊಮ್ಮೆ ಅಳೆದೆವು, ಅದೇ ಉತ್ತರ. ಎರಡು ವರ್ಷ ನಾನು ಹೊಟ್ಟೆಯಲ್ಲಿಟ್ಟುಕೊಂಡು ಬೆಳೆಸಿದ ಸಿಟ್ಟು ಪೂರ್ತಿ ಸುಳ್ಳಿನ ಮೇಲೆ ನಿಂತಿತ್ತೇ ಎಂದು ಹೆದರಿದೆ. ಅವರು ಊಟಕ್ಕೆ ಹೋದರು. ನಾನು ರನ್‌ವೇಯ ಅಂಚಿನಲ್ಲಿ ಒಬ್ಬಳೇ ನಡೆದೆ. ಆಗ ಒಂದು ದೀಪಕ್ಕೆ ಕಾಲು ಎಡವಿತು. ಮೊದಲ ಸಲ ಬಂದಾಗ ಆ ದೀಪಗಳಿರಲಿಲ್ಲ. ಡಾಂಬರು ಹಾಕುವಾಗ ರನ್‌ವೇಯ ಉದ್ದಕ್ಕೂ ಕೇಬಲ್ ಹೂತು ಅಂಚಿಗೆ ದೀಪ ನಿಲ್ಲಿಸಿದ್ದರು. ಸೂರ್ಯ ಮುಳುಗದ ತಿಂಗಳಲ್ಲಿ ಅವನ್ನು ಹಚ್ಚುವುದಿಲ್ಲವಾದ್ದರಿಂದ ಸೀನಿಯರಿಗೆ ಅವು ಕಣ್ಣಿಗೇ ಬಿದ್ದಿರಲಿಲ್ಲ. ಅವರ ಸರಳುಗಳ ಸಾಲು ಆ ಕೇಬಲ್ಲಿಗೆ ಒತ್ತಿಕೊಂಡೇ ಸಾಗಿತ್ತು. ನಾವು ಬಿಟ್ಟ ಕರೆಂಟು ನೆಲಕ್ಕಿಳಿಯುವ ಬದಲು ತಾಮ್ರ ಹಿಡಿದು ಆರಾಮಾಗಿ ಓಡುತ್ತಿತ್ತು.

ನಿಲ್ದಾಣದ ಎಂಜಿನಿಯರ್ ಪಿಕಪ್ ನಿಲ್ಲಿಸಿ ಇಳಿದುಬಂದರು. ನಾನು ನೋಡುತ್ತಿದ್ದುದನ್ನು ತಾವೂ ನೋಡಿದರು.

“ನಿಮ್ಮ ಹಿರಿಯರಿಗೆ ಇಲ್ಲಿ ಕೇಬಲ್ ಇರುವುದು ಗೊತ್ತೇ?” ಎಂದು ಕೇಳಿದರು.

ಹೇಳಬಹುದಿತ್ತು. ಹೇಳಿದರೆ ಅವರು ಸಾಲನ್ನು ಅಡ್ಡಕ್ಕೆ ತಿರುಗಿಸಿ ಅಳೆಯುತ್ತಿದ್ದರು, ಮೀಟರು ಏರುತ್ತಿತ್ತು, ಅದನ್ನು ತಾವೇ ಕಂಡುಹಿಡಿದೆ ಎಂದು ಬರೆಯುತ್ತಿದ್ದರು. ಫ್ರಿಜ್ಜಿನ ಮಾತು ನೆನಪಾಯಿತು, ಕೋಸಂಬರಿಯೂ ನೆನಪಾಯಿತು.

“ಅವರು ಕೇಳಿದರೆ ಹೇಳಿ,” ಎಂದೆ.

ಎಂಜಿನಿಯರ್ ನನ್ನ ಮುಖ ನೋಡಿದರು. “ಅವರು ಕೇಳುವ ಪೈಕಿಯೇ?”

“ಅಲ್ಲ.”

“ಹೇಗೂ ಕೊರೆದು ನೋಡದೆ ನಾನು ಯಾರ ಮಾತನ್ನೂ ಒಪ್ಪುವುದಿಲ್ಲ,” ಎಂದರು. “ಹಾಗಾದರೆ ಇರಲಿ.”

ಆದರೆ ನನಗೆ ಖಚಿತವಾಗಬೇಕಿತ್ತು. ನಾನು ಗ್ರ್ಯಾವಿಮೀಟರನ್ನೂ ತಂದಿದ್ದೆ. ಅದರೊಳಗೆ ಒಂದು ಬಹಳ ಸೂಕ್ಷ್ಮವಾದ ಸ್ಪ್ರಿಂಗು ಇರುತ್ತದೆ. ನೆಲದಡಿ ಭಾರದ ವಸ್ತು ಇದ್ದರೆ ಅದು ತುಸು ಹೆಚ್ಚು ಎಳೆಯಲ್ಪಡುತ್ತದೆ, ಹಗುರವಾದದ್ದಿದ್ದರೆ ಕಡಿಮೆ. ಕಲ್ಲಿಗಿಂತ, ಕೆಸರಿಗಿಂತ ಮಂಜುಗಡ್ಡೆ ಹಗುರ. ಕೇಬಲ್ಲಿಗೂ ಇದಕ್ಕೂ ಸಂಬಂಧವಿಲ್ಲ. ಕಷ್ಟ ಗಾಳಿಯದು. ಮೂರು ತಿರುಪು ತಿರುಗಿಸಿ ಮಟ್ಟ ಮಾಡಿ, ಉಸಿರು ಬಿಗಿಹಿಡಿದು ನೋಡುವಷ್ಟರಲ್ಲಿ ಸಮುದ್ರದ ಕಡೆಯ ಗಾಳಿ ಬಂದು ಒಳಗಿನ ಗೆರೆಯನ್ನು ನಡುಗಿಸುತ್ತಿತ್ತು. ಎಂಜಿನಿಯರ್ ಪಿಕಪ್ಪನ್ನು ಗಾಳಿಗೆ ಅಡ್ಡ ನಿಲ್ಲಿಸಿ ಎಂಜಿನ್ ಆರಿಸಿದರು. ನಾನು ಮೊಣಕಾಲೂರಿ ಒಂದೊಂದೇ ಜಾಗ ಓದಿದೆ, ಆಗಾಗ ಶುರು ಮಾಡಿದ ಜಾಗಕ್ಕೆ ಮರಳಿ ಸ್ಪ್ರಿಂಗು ಜಾರಿದೆಯೇ ಎಂದು ನೋಡಿಕೊಂಡೆ. ತಗ್ಗಿನಲ್ಲಿ ನಿಂತರೆ ಎಳೆತ ಬದಲಾಗುವುದರಿಂದ ಪ್ರತಿ ಜಾಗದ ಎತ್ತರವನ್ನೂ ಅಳೆಯಬೇಕು, ಅಳತೆಕೋಲು ಹಿಡಿದು ನಿಂತವರು ಎಂಜಿನಿಯರೇ.

ಸೀನಿಯರ್ ಊಟದ ಕೋಣೆಯ ಕಿಟಕಿಯಿಂದ ನೋಡಿ, “ಅವಳಿಗೆ ಟೈಮ್‌ಪಾಸು,” ಎಂದರಂತೆ.

ಲೆಕ್ಕ ಕೂಡಿಸಿದೆ. ಕುಸಿದ ಜಾಗದ ನಡುವೆ ಎಳೆತ ಸ್ಪಷ್ಟವಾಗಿ ತಗ್ಗಿತ್ತು. ಅಲ್ಲಿ ಹಗುರವಾದದ್ದು ಏನೋ ಮಲಗಿತ್ತು, ಇನ್ನೂ ಪೂರ್ತಿ ಕರಗಿರಲಿಲ್ಲ. ನಾನು ಆ ಕಾಗದವನ್ನು ಮಡಚಿ ಕೋಟಿನ ಜೇಬಿಗೆ ಹಾಕಿಕೊಂಡು, ಹಾಸ್ಟೆಲ್ಲಿನಂಥ ನಮ್ಮ ವಸತಿಗೆ ಹೋಗಿ ಹೊಟ್ಟೆ ತುಂಬ ಉಂಡೆ. ಅಷ್ಟು ಸುಖವಾಗಿ ನಾನು ಆ ಊರಿನಲ್ಲಿ ಊಟ ಮಾಡಿದ್ದು ಅದೊಂದೇ ಸಲ.

ಕೊರೆಯುವ ಯಂತ್ರ ಬಂತು. ನಮ್ಮ ಕಂಪನಿಯಲ್ಲಿ ಒಂದು ಪದ್ಧತಿಯಿತ್ತು: ಎಲ್ಲಿ ಕೊರೆಯಬೇಕು ಎಂದು ಹೇಳಿದವರು ಆ ಜಾಗದಲ್ಲಿ ಬಣ್ಣದಿಂದ ಗುರುತು ಹಾಕಿ, ಪಕ್ಕದಲ್ಲಿ ತಮ್ಮ ಇನಿಷಿಯಲ್ಲು ಬರೆಯಬೇಕು. ಆಮೇಲೆ ಕೊರೆದವನ ಮೇಲೆ ತಪ್ಪು ಹೊರಿಸಬಾರದೆಂದು ಹಾಗೆ. ನಾನು ಕಿತ್ತಳೆ ಬಣ್ಣದ ಡಬ್ಬಿಯನ್ನು ಎರಡೂ ಕೈಯಿಂದ ಅವರಿಗೆ ಕೊಟ್ಟೆ.

“ಕೆಸರು ಎಲ್ಲಿ ಜಾಸ್ತಿ ಇದೆ ಅಂತ ನಿಮಗೇ ಗೊತ್ತು ಸರ್. ನೀವೇ ಹಾಕಿ.”

ಮೀಟರು ಅತ್ಯಂತ ಕೆಳಗಿಳಿದಿದ್ದ ಜಾಗಕ್ಕೆ ನೇರವಾಗಿ, ಡಾಂಬರಿನ ಮೇಲೆ ದೊಡ್ಡದಾಗಿ ಗುರುತು ಹಾಕಿ ತಮ್ಮ ಹೆಸರಿನ ಅಕ್ಷರಗಳನ್ನು ಬರೆದರು. ಅದು ನನ್ನ ಲೆಕ್ಕದ ಹಗುರ ಜಾಗದ ಸರಿಯಾಗಿ ನಡುವೆ ಬಿತ್ತು. ಅದೃಷ್ಟ ನನಗೂ ಆಗೊಮ್ಮೆ ಈಗೊಮ್ಮೆ ಒದಗುತ್ತದೆ.

ಡಾಂಬರು ಪುಡಿಯಾಯಿತು, ಹಾಸಿದ ಜಲ್ಲಿ ಬಂತು, ಒಂದಷ್ಟು ಒದ್ದೆ ಮಣ್ಣು ಬಂತು. ಸೀನಿಯರ್ ಮಣ್ಣನ್ನು ಬೆರಳಲ್ಲಿ ಉಜ್ಜಿ ತಲೆಯಾಡಿಸಿದರು. ಆಮೇಲೆ ಯಂತ್ರದ ಸದ್ದು ಬದಲಾಯಿತು. ಕೊಳವೆಯನ್ನು ಮೇಲೆತ್ತಿ ಮಲಗಿಸಿ ತಟ್ಟಿದಾಗ ಹೊರಬಂದದ್ದು ತೋಳಿನಷ್ಟು ದಪ್ಪದ ಬೂದು ಬಣ್ಣದ ಮಂಜುಗಡ್ಡೆ, ಒಳಗೆ ಮಣ್ಣಿನ ಗೆರೆಗಳು. ಮತ್ತೆ ಕೊರೆದರು, ಮತ್ತೆ ಅದೇ. ಮೂರನೆಯ ಕೊಳವೆಯೂ ಅದೇ.

ಸೀನಿಯರ್ ಬೂಟಿನ ತುದಿಯಿಂದ ಒಂದು ತುಂಡನ್ನು ಹೊರಳಿಸಿದರು. “ನೋಡೋಕೆ ಐಸ್ ಥರ ಕಾಣತ್ತೆ ಅಷ್ಟೆ,” ಎಂದರು. “ಇದು ಹೆಪ್ಪುಗಟ್ಟಿರೋ ಮಡ್ಡು. ಕರಗಿಸಿದ್ರೆ ಮುಕ್ಕಾಲು ಪಾಲು ಕೆಸರೇ ಉಳಿಯತ್ತೆ. ಲ್ಯಾಬಿಗೆ ಹೋಗ್ಲಿ, ಅಲ್ಲಿ ನೋಡೋಣ.”

ಅವರ ಲೆಕ್ಕಾಚಾರ ನನಗೆ ಅರ್ಥವಾಯಿತು. ಕ್ಯಾಲಿಫೋರ್ನಿಯಾ ತಲುಪುವಷ್ಟರಲ್ಲಿ ಎಲ್ಲವೂ ಕರಗಿ ಚೀಲದಿಂದ ಸೋರಿ, ತಳದಲ್ಲಿ ಮಣ್ಣು ಮಾತ್ರ ಉಳಿದಿರುತ್ತದೆ. ಆಗ ಅದನ್ನು ಕೆಸರು ಎನ್ನದೆ ಬೇರೇನು ಅನ್ನುವುದು. ಊರಿನವರು ಮೀನು ಇಡುವ ಫ್ರೀಜರಿನಲ್ಲಿ ಒಂದು ತುಂಡಿಗೆ ಜಾಗ ಕೇಳಿ ಇಟ್ಟೆ. ಹೊರಡುವ ದಿನ ಅದನ್ನು ಪಾರದರ್ಶಕ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಚೀಲದ ಬಾಯಿಗೆ ಎಂಜಿನಿಯರಿಂದ ಮೊಹರು ಹಾಕಿಸಿ, ದಪ್ಪ ಥರ್ಮೋಕೋಲ್ ಪೆಟ್ಟಿಗೆಯಲ್ಲಿಟ್ಟು ತಂದೆ. ಮಂಜು ಕವಿದು ನಡುದಾರಿಯಲ್ಲಿ ಬದಲಿಸಬೇಕಿದ್ದ ವಿಮಾನ ತಪ್ಪಿತು, ಪೆಟ್ಟಿಗೆ ಕಾರ್ಗೋದಲ್ಲಿ ಹಿಂದುಳಿಯಿತು. ನಾನು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಬರಿಗೈಯಲ್ಲಿ ಇಳಿದು ಗಂಡನಿಗೆ ಫೋನ್ ಮಾಡಿದೆ.

“ರೀ, ಲ್ಯಾಬಿನಿಂದ ಡ್ರೈ ಐಸ್ ಕೇಳಿ ತನ್ನಿ. ಪೆಟ್ಟಿಗೆ ಬರುವವರೆಗೆ ನಾನು ಇಲ್ಲಿಂದ ಅಲ್ಲಾಡುವುದಿಲ್ಲ.”

ಲ್ಯಾಬು ಏರ್‌ಪೋರ್ಟಿಗೆ ಹತ್ತಿರ. ಅವರು ತಮ್ಮ ಮೇಲಿನವರನ್ನು ಕೇಳಿ, ಹೊಗೆಯಾಡುವ ಡಬ್ಬಿ ಹಿಡಿದು ಬಂದರು. ಮರುದಿನದ ವಿಮಾನದಲ್ಲಿ ಪೆಟ್ಟಿಗೆ ಬಂತು. ತುಂಡಿನ ಅಂಚು ಸವೆದಿತ್ತು, ಆದರೆ ಗಟ್ಟಿಯಾಗಿತ್ತು. ಮನೆಯ ಫ್ರಿಜ್ಜಿನಿಂದ ಬಟಾಣಿ, ತುರಿದ ತೆಂಗಿನಕಾಯಿ ಎಲ್ಲ ಹೊರಗೆ ತೆಗೆದು ಅದನ್ನು ಮೊಹರಿನ ಚೀಲದ ಸಮೇತ ಒಳಗಿಟ್ಟೆ. ಡೇಕೇರಿನಿಂದ ಬಂದ ಮಗಳು ಬಾಗಿಲು ತೆಗೆದು ನೋಡಿದಳು.

“ಅಮ್ಮಾ, ಇಟ್ಸ್ ಜಸ್ಟ್ ಡರ್ಟಿ ಐಸ್,” ಎಂದಳು.

“ಇದನ್ನು ನಮ್ಮ ಆಫೀಸಿನ ಅಂಕಲ್ಲಿಗೆ ಹೇಳಬೇಕಿತ್ತು ನೀನು,” ಎಂದೆ.

ಮೀಟಿಂಗು ನಮ್ಮ ಆಫೀಸಿನಲ್ಲೇ. ನಿಲ್ದಾಣದ ಎಂಜಿನಿಯರ್ ಬಂದಿದ್ದರು, ಕಂಪನಿಯ ಮಾಲೀಕರಿದ್ದರು, ಅಂದು ನಕ್ಕ ಆ ಇಬ್ಬರೂ ಇದ್ದರು. ನಾನು ಮನೆಯಿಂದ ದೊಡ್ಡ ಸ್ಟೀಲಿನ ಬೋಗುಣಿ ತಂದು ಮೇಜಿನ ನಡುವೆ ಇಟ್ಟು, ಎಂಜಿನಿಯರಿಂದ ಚೀಲದ ಮೊಹರು ಒಡೆಸಿ, ತುಂಡನ್ನು ಅದರಲ್ಲಿ ಮಲಗಿಸಿದೆ. ಸೀನಿಯರ್ ಮಾತು ಶುರು ಮಾಡಿದರು. ಕೆಸರಿನ ಗುಣ, ಕೊಲ್ಲಿಯಲ್ಲಿ ಅವರು ಕಂಡ ಕೆಸರು, ಸರಳು ಊರುವ ಕ್ರಮ. ಮಾತು ಮಧ್ಯಾಹ್ನದವರೆಗೂ ಉದ್ದವಾಯಿತು, ಬಿಸಿಲು ಕಿಟಕಿಯಿಂದ ಬೋಗುಣಿಯ ಮೇಲೆ ಬಿತ್ತು. ತುಂಡು ಸಣ್ಣಗಾಗುತ್ತಾ ನೀರಲ್ಲಿ ತೇಲತೊಡಗಿತು. ಮೊದಲು ಅವರ ಮುಖ ನೋಡುತ್ತಿದ್ದವರು ಆಮೇಲೆ ಬೋಗುಣಿಯನ್ನೇ ನೋಡತೊಡಗಿದರು. ಅದು ಗೊತ್ತಾಗಿ ಅವರ ಮಾತು ಎಡವಿತು.

ಎಂಜಿನಿಯರ್ ಕೇಬಲ್ ಹೂತ ನಕ್ಷೆಯನ್ನು ಬಿಡಿಸಿ ಅವರ ಮುಂದಿಟ್ಟು, ನಿಮ್ಮ ಸಾಲು ಎಲ್ಲಿತ್ತು ತೋರಿಸಿ ಎಂದರು. ಸೀನಿಯರ್ ಬೆರಳಿಟ್ಟರು. ಬೆರಳು ಕೇಬಲ್ಲಿನ ಗೆರೆಯ ಮೇಲೆಯೇ ಕೂತಿತು. ನಾನು ಗ್ರ್ಯಾವಿಮೀಟರಿನ ರೇಖೆಯನ್ನು ಅದರ ಪಕ್ಕದಲ್ಲಿ ಹರಡಿದೆ. ಅಷ್ಟರಲ್ಲಿ ತುಂಡು ಪೂರ್ತಿ ಕರಗಿತ್ತು. ಮಣ್ಣು ತಳಕ್ಕಿಳಿಯಲು ಸ್ವಲ್ಪ ಬಿಟ್ಟು, ನೀರನ್ನು ಮೆಲ್ಲಗೆ ಬಕೆಟ್ಟಿಗೆ ಬಗ್ಗಿಸಿದೆ. ತಳದಲ್ಲಿ ಉಳಿದದ್ದು ತೆಳುವಾದ ಒಂದು ಪದರ. ಮನೆಯಿಂದ ತಂದಿದ್ದ ಚಮಚವನ್ನು ಬೋಗುಣಿಯ ಪಕ್ಕ ಇಟ್ಟೆ.

“ಕೆಸರು ತಳದಲ್ಲಿದೆ ಸರ್,” ಎಂದೆ, ಅವರಿಗಾಗಿ ಕನ್ನಡದಲ್ಲಿ, ಆಮೇಲೆ ಉಳಿದವರಿಗೆ ಅರ್ಥವಾಗಲೆಂದು ಇಂಗ್ಲಿಷಿನಲ್ಲಿ. “ತೆಗೆದು ತೋರಿಸಿ.”

ಅವರು ಚಮಚ ಮುಟ್ಟಲಿಲ್ಲ. ಮಾಲೀಕರೇ ಕೆರೆದು ತೆಗೆದರು. ಚಮಚ ತುಂಬಿತು, ಬೋಗುಣಿ ಖಾಲಿಯಾಯಿತು. ಆ ಇಬ್ಬರು ಎಂಜಿನಿಯರುಗಳು ಈ ಸಲ ನಗಲಿಲ್ಲ.

ವರದಿಯನ್ನು ನಾನೇ ಬರೆದೆ. ಡಾಂಬರು ಕಿತ್ತು, ಕೆಳಗೆ ಶಾಖ ತಡೆಯುವ ಹಲಗೆ ಹಾಸಿ, ಮೇಲಿನ ಹೊಸ ಡಾಂಬರಿಗೆ ಬಿಳಿ ಬಣ್ಣ ಬಳಿಯಬೇಕೆಂದು ಸಲಹೆ ಕೊಟ್ಟೆ, ಹಾಗೇ ಮಾಡಿದರು. ಉತ್ತರದ ಕೆಲಸಗಳಿಂದ ಸೀನಿಯರನ್ನು ದೂರ ಇಟ್ಟರು. ವರದಿ ಹೊರಡುವ ಮೊದಲು ಅವರು ನನ್ನ ಮೇಜಿನ ಹತ್ತಿರ ಬಂದು ನಿಂತರು. ನನ್ನ ಗ್ರೀನ್ ಕಾರ್ಡ್ ಅಷ್ಟರಲ್ಲಿ ಬಂದಿತ್ತು, ಅದು ಅವರಿಗೂ ಗೊತ್ತಿತ್ತು.

“ನನ್ನ ಹೆಸರೂ ಒಂದು ಕಡೆ ಇರ್ಲಮ್ಮ,” ಎಂದರು. “ನಾನೂ ಸರಳು ಹೊಡೆದಿದೀನಲ್ಲ. ನಿನ್ನ ಹತ್ರ ಸಾರಿ ಕೇಳ್ಬೇಕು ಅಂದ್ರೆ ಕೇಳ್ತೀನಿ.”

“ನನ್ನ ಹತ್ರ ಬೇಡ ಸರ್,” ಎಂದೆ. “ಈ ವಾರದ ದೀಪಾವಳಿ ಊಟದಲ್ಲಿ ಹೇಳಿ. ನೀವು ಹೇಳಿದ ಮೇಲೆ ನಿಮ್ಮ ಹೆಸರು ಹಾಕ್ತೀನಿ.”

ದೀಪಾವಳಿಗೆ ಅದೇ ಕೆಫೆಟೇರಿಯಾ, ಅದೇ ಬೆಂಚು. ಕೋಸಂಬರಿಯ ಡಾಕ್ಟರು ನನ್ನ ಎದುರಿಗೇ ಕೂತಿದ್ದರು, ನಾನೇ ಅಲ್ಲಿ ಕೂರಿಸಿದ್ದೆ. ಪಾಯಸದ ಪಾತ್ರೆ ಹಿಡಿದು ಸಾಲಿನುದ್ದಕ್ಕೂ ಬಂದವರು ಸೀನಿಯರ್. ನನ್ನ ಮುಂದೆ ನಿಂತರು. ಸೌಟಿನಿಂದ ಪಾಯಸ ಪಾತ್ರೆಗೇ ಹನಿಯುತ್ತಿತ್ತು.

“ಇವಳ ರೀಡಿಂಗು ಸರಿ ಇತ್ತು,” ಎಂದರು, ಡಾಕ್ಟರ ಕಡೆ ತಿರುಗಿ, ಸಣ್ಣ ದನಿಯಲ್ಲಿ. “ನಾನೇ ತಪ್ಪು ಹೇಳಿದ್ದೆ.”

ಪಕ್ಕದಲ್ಲಿದ್ದ ಗಂಡ ನನ್ನ ಮೊಣಕೈ ತಟ್ಟಿದರು, ಸಾಕು ಎನ್ನುವಂತೆ. ನಾನು ತಟ್ಟೆಯನ್ನು ಮುಂದೆ ಸರಿಸಿದೆ.

“ಆ ಕೊನೇಲಿ ಕೂತಿರೋರಿಗೆ ಕೇಳಿಸ್ಲಿಲ್ಲ, ಸರ್.”

ಅವರು ಮತ್ತೊಮ್ಮೆ ಹೇಳಿದರು, ಈ ಸಲ ಎಲ್ಲರೂ ತಿರುಗಿ ನೋಡುವಷ್ಟು ಜೋರಾಗಿ. ಪಾಯಸಕ್ಕೆ ಅಂದು ಸಕ್ಕರೆ ಕಡಿಮೆಯಾಗಿತ್ತು. ನಾನು ಎರಡು ಸಲ ಹಾಕಿಸಿಕೊಂಡೆ.